ಪುಟ್ಟ ಮಕ್ಕಳ ಜೊತೆ ಮಹಾನಗರ ಬಿಟ್ಟು ಸಣ್ಣ ಊರಿಗೆ: ಮೊದಲ ಮಾತಿನಿಂದ ಮೊದಲ ವರ್ಷದ ತನಕ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ದೊಡ್ಡ ನಗರದ ಓಡಾಟ ಸಾಕಾಗಿದೆ, ಎಲ್ಲಾದರೂ ನೆಮ್ಮದಿಯ ಊರಿಗೆ ಹೋಗಿಬಿಡೋಣ ಅಂತ ರಾತ್ರಿ ಮಕ್ಕಳು ಮಲಗಿದ ಮೇಲೆ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದೀರಾ? ಹಾಗಾದರೆ ಇದು ನಿಮಗೆ. ನಾವು ಹೊರಟಾಗ ಮಗಳಿಗೆ 5 ವರ್ಷ, ಮಗನಿಗೆ ಒಂದೂವರೆ. ತಯಾರಿಗೆ 8 ತಿಂಗಳು ಹಿಡಿಯಿತು. ಅದರಲ್ಲಿ ಮೊದಲ 3 ತಿಂಗಳು ಬರೀ ಮನೆಗಳ ಫೋಟೊ ನೋಡುತ್ತಾ ಕಳೆದೆವು. ಫೋಟೊದಲ್ಲಿ ಅಂಗಳ ಕಾಣುತ್ತದೆ, ಮರ ಕಾಣುತ್ತದೆ. ರಾತ್ರಿ 2 ಗಂಟೆಗೆ ಮಗುವಿಗೆ ಜ್ವರ ಏರಿದರೆ ಎಲ್ಲಿಗೆ ಓಡಬೇಕು ಅನ್ನೋದು ಕಾಣುವುದಿಲ್ಲ.

ಹಾಗಾಗಿ ಮನೆಯ ವಿಷಯ ಆಮೇಲೆ. ನಿಮ್ಮ ಒಂದು ಮಾಮೂಲಿ ದಿನ ಆ ಊರಲ್ಲಿ ನಡೆಯುತ್ತದಾ? ಅದನ್ನು ಮೊದಲು ನೋಡಿ. ದಿನ ನಡೆದರೆ ಉಳಿದದ್ದನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು.

ಹಂತ 1: ಯಾಕೆ ಹೋಗಬೇಕು ಅಂತ ಇಬ್ಬರೂ ಬೇರೆ ಬೇರೆ ಬರೆಯಿರಿ

ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು. ಇಲ್ಲಿ ಏನು ಸಾಕಾಗಿದೆ, ಅಲ್ಲಿ ಏನು ಬೇಕು, ಏನು ಕೈತಪ್ಪಿದರೆ ತಡೆದುಕೊಳ್ಳೋಕೆ ಆಗಲ್ಲ. ಇಷ್ಟೇ ಮೂರು ಪ್ರಶ್ನೆ. ಆಮೇಲೆ ಹಾಳೆ ಅದಲು ಬದಲು ಮಾಡಿಕೊಳ್ಳಿ. ನಮ್ಮಲ್ಲಿ ಒಂದು ಹಾಳೆಯಲ್ಲಿ ಗಾಳಿ, ಮರ, ಕಡಿಮೆ ಬಾಡಿಗೆ ಅಂತಿತ್ತು. ಇನ್ನೊಂದರಲ್ಲಿ ಒಂದೇ ಸಾಲು: ಸಂಜೆ ಮಕ್ಕಳ ಜೊತೆ ಎರಡು ಗಂಟೆ. ಇವೆರಡೂ ಒಂದೇ ಅಲ್ಲ, ಅಲ್ವಾ? ಎರಡನೆಯದಕ್ಕೆ ಊರು ಬಿಡಲೇಬೇಕು ಅಂತಿಲ್ಲ, ಕೆಲಸ ಬದಲಿಸಿದರೂ ಸಿಗಬಹುದು.

ಆಮೇಲೆ ಕಷ್ಟಗಳನ್ನು ಎರಡು ಗುಂಪು ಮಾಡಿ. ಊರು ಬಿಟ್ಟರೆ ಹೋಗುವಂಥವು: ಟ್ರಾಫಿಕ್, ಹೊಗೆ, ಕೈಗೆಟುಕದ ಬಾಡಿಗೆ. ಬೆನ್ನಿಗೇ ಬರುವಂಥವು: ರಾತ್ರಿ 10ಕ್ಕೆ ಬರುವ ಆಫೀಸಿನ ಮೆಸೇಜು, ಮನೆಗೆಲಸ ಯಾರು ಮಾಡಬೇಕು ಅನ್ನುವ ಜಗಳ, ಕೈಬಿಡದ ಮೊಬೈಲು. ಎರಡನೇ ಗುಂಪೇ ದೊಡ್ಡದಾಗಿದ್ದರೆ ಊರು ಬದಲಿಸಿ ಜಾಸ್ತಿ ಉಪಯೋಗ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮನಸ್ಸೇ ಇಲ್ಲ ಅಂತ ಗೊತ್ತಾದರೆ ದಯವಿಟ್ಟು ಇಲ್ಲೇ ನಿಲ್ಲಿ, ಮುಂದಿನ ಹಂತಕ್ಕೆ ಹೋಗಬೇಡಿ. ಒಬ್ಬರ ಒತ್ತಾಯಕ್ಕೆ ಹೋದ ಊರಲ್ಲಿ ನೀರು ಬರದ ದಿನವೂ ಅದೇ ಮಾತು ಎದ್ದು ಬರುತ್ತದೆ.

ಹಂತ 2: ಒಂದು ಮಂಗಳವಾರವನ್ನು ಗಂಟೆಗಂಟೆಗೆ ಬರೆಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಭಾನುವಾರ ಎಲ್ಲ ಊರೂ ಚೆಂದ, ಹಾಗಾಗಿ ಮಂಗಳವಾರ. ಎದ್ದಾಗಿನಿಂದ ಮಲಗುವ ತನಕ ಯಾರು, ಎಷ್ಟು ಹೊತ್ತಿಗೆ, ಏನು ಮಾಡುತ್ತೀರಿ, ಯಾರ ಸಹಾಯ ಬೇಕಾಗುತ್ತದೆ, ಎಲ್ಲ ಬರೆಯಿರಿ. ಚಿಕ್ಕದು ಅಂತ ಬಿಡಬೇಡಿ. ನಮ್ಮ ಹಾಳೆಯಲ್ಲಿ ಹೀಗಿತ್ತು: 7:40, ಮಗಳಿಗೆ ಶೂ ಹಾಕಿಸುವುದು, ಅದೇ ಹೊತ್ತಿಗೆ ಮಗ ಹಾಲು ಚೆಲ್ಲುವುದು, ಮನೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು.

ಈಗ ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಲ್ಲಿ ಅದೇ ದಿನವನ್ನು ಹೊಸ ಊರಿನ ಲೆಕ್ಕದಲ್ಲಿ ಬರೆಯಿರಿ. ನಮಗೆ ತುಂಬಾ ಇಷ್ಟವಾಗಿದ್ದ ಒಂದು ಮನೆಯಿಂದ ಶಾಲೆಗೆ 25 ನಿಮಿಷದ ದಾರಿ. 25 ನಿಮಿಷ ಏನು ಮಹಾ ಅಂದುಕೊಂಡಿದ್ದೆವು. ಬೆಳಿಗ್ಗೆ ಬಿಟ್ಟು ಬರಬೇಕು, ಮಧ್ಯಾಹ್ನ ಮತ್ತೆ ಹೋಗಿ ಕರೆತರಬೇಕು. ದಿನಕ್ಕೆ 100 ನಿಮಿಷ ಗಾಡಿಯಲ್ಲೇ, ಅದೂ ಹಿಂದಿನ ಸೀಟಿನಲ್ಲಿ ಚಿಕ್ಕವನನ್ನು ಕೂರಿಸಿಕೊಂಡು. ಆ ಮನೆ ಬಿಟ್ಟೆವು.

ಹಾಳೆಯಲ್ಲಿ ಇನ್ನೊಂದು ಗುರುತು ಹಾಕಿ. ಈಗ ದುಡ್ಡಿಲ್ಲದೆ ಸಿಗುತ್ತಿರುವ ಸಹಾಯ ಎಲ್ಲೆಲ್ಲಿದೆ? ಮಗುವಿಗೆ ಹುಷಾರಿಲ್ಲದ ದಿನ ಬಂದು ಕೂರುವ ಅಜ್ಜಿ, ಅರ್ಧ ಗಂಟೆ ನೋಡಿಕೊಳ್ಳುವ ಪಕ್ಕದ ಮನೆಯವರು. ಅಲ್ಲಿ ಮೊದಲ ವರ್ಷ ಇವರ್ಯಾರೂ ಇರುವುದಿಲ್ಲ. ಆ ಜಾಗವನ್ನು ಯಾರು ತುಂಬುತ್ತಾರೆ ಅಂತ ಬರೆಯೋಕೆ ಆಗದಿದ್ದರೆ ಖಾಲಿ ಬಿಡಿ. ಖಾಲಿ ಜಾಗ ಎಷ್ಟಿದೆ ಅಂತ ಕಣ್ಣಿಗೆ ಕಾಣಬೇಕು. ಹಾಳೆ ಎತ್ತಿಡಿ, ಮುಂದೆ ಬೇಕಾಗುತ್ತದೆ.

ಹಂತ 3: ದುಡ್ಡಿನ ಲೆಕ್ಕ

ಸಣ್ಣ ಊರಲ್ಲಿ ಎಲ್ಲವೂ ಅಗ್ಗ ಅನ್ನೋದು ಅರ್ಧ ಸತ್ಯ. ಮನೆ ಅಗ್ಗ. ಓಡಾಟ ಅಗ್ಗವಲ್ಲ. ಬಸ್ಸು, ರೈಲು ಕಡಿಮೆ ಇರುವ ಕಡೆ ಒಂದು ಗಾಡಿ ಎರಡಾಗುತ್ತದೆ, ಇಂಧನ, ವಿಮೆ, ರಿಪೇರಿ ಎಲ್ಲ ಎರಡೆರಡು. ದೊಡ್ಡ ಮನೆಗೆ ಕರೆಂಟು ಬಿಲ್ಲೂ ದೊಡ್ಡದು. ಕಂಪನಿ ಊರಿಗೆ ತಕ್ಕಂತೆ ಸಂಬಳ ಇಳಿಸುವುದೂ ಉಂಟು, ಮೊದಲೇ ಕೇಳಿಬಿಡಿ. ಹಳೇ ಮನೆ, ಹೊಸ ಮನೆ ಎರಡಕ್ಕೂ ದುಡ್ಡು ಕಟ್ಟುವ ಒಂದೆರಡು ತಿಂಗಳು ಬಂದೇ ಬರುತ್ತವೆ. ಇದೆಲ್ಲ ಕಳೆದ ಮೇಲೆ 6 ತಿಂಗಳ ಮನೆಖರ್ಚು ಕೈಯಲ್ಲಿ ಉಳಿಯಬೇಕು ಅನ್ನೋದು ನನ್ನ ಲೆಕ್ಕ. ಚಿಕ್ಕ ಮಕ್ಕಳಿರುವಾಗ ಇದಕ್ಕಿಂತ ಕಡಿಮೆಗೆ ಧೈರ್ಯ ಮಾಡಬೇಡಿ.

ಹಂತ 4: ಕೆಲಸ ಮತ್ತು ಇಂಟರ್ನೆಟ್

ಮನೆಯಿಂದ ಕೆಲಸ ಮಾಡಬಹುದು ಅಂತ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದರೆ ಅದು ಸಾಲದು. ಬರಹದಲ್ಲಿ ತೆಗೆದುಕೊಳ್ಳಿ. ಯಾವ ಊರಿಂದ, ಎಷ್ಟು ಕಾಲ, ವರ್ಷಕ್ಕೆ ಎಷ್ಟು ಸಲ ಆಫೀಸಿಗೆ ಬರಬೇಕು, ಎಲ್ಲ ಅದರಲ್ಲಿರಲಿ. ಇಬ್ಬರೂ ದುಡಿಯುವವರಾದರೆ ಇಬ್ಬರ ಕೆಲಸವನ್ನೂ ಒಂದೇ ತೂಕದಲ್ಲಿ ನೋಡಿ. ಒಬ್ಬರ ಕೆಲಸ ಉಳಿದು ಇನ್ನೊಬ್ಬರದು ಸುಮ್ನೆ ಬಿಟ್ಟುಹೋಗುವ ಹಾಗಿದ್ದರೆ, ಅದರ ಬಗ್ಗೆ ಕೂತು ಮಾತಾಡಿ ಒಪ್ಪಿಕೊಂಡ ಮೇಲೆ ಮಾತ್ರ ಹೊರಡಿ.

ಇಂಟರ್ನೆಟ್ ವಿಷಯದಲ್ಲಿ ಜಾಹೀರಾತಿನ ವೇಗ ನಂಬಬೇಡಿ. ಮನೆಗೆ ಹೋಗಿ, ರಾತ್ರಿ 8 ಗಂಟೆಗೆ, ಎಲ್ಲರೂ ನೆಟ್ ಬಳಸುವ ಹೊತ್ತಲ್ಲಿ ಪರೀಕ್ಷಿಸಿ. ಡೌನ್‌ಲೋಡ್ ಚೆನ್ನಾಗಿದ್ದು ಅಪ್‌ಲೋಡ್ ಕುಂಟಿದರೆ ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ, ದನಿ ಎರಡೂ ನಿಂತು ನಿಂತು ಹೋಗುತ್ತವೆ. ತಂತಿ ಇಲ್ಲದ ಕಡೆ ಉಪಗ್ರಹದ ಇಂಟರ್ನೆಟ್ ಇದೆ ಅಂತಾರೆ, ಅದರಲ್ಲೂ ಎರಡು ಬಗೆ. ಹಳೇ ಬಗೆಯ ಉಪಗ್ರಹ ಇರುವುದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅಷ್ಟು ದೂರ ಹೋಗಿ ಬರೋಕೆ ಪ್ರತಿ ಮಾತಿಗೂ ಅರ್ಧ ಸೆಕೆಂಡಿನ ಆಸುಪಾಸು ತಡವಾಗುತ್ತದೆ, ಮೀಟಿಂಗ್‌ನಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವ ಹಾಗಾಗುತ್ತದೆ. ಸ್ಟಾರ್‌ಲಿಂಕ್‌ನಂಥವು 500 ಕಿ.ಮೀ. ಆಸುಪಾಸಿನ ಎತ್ತರದಲ್ಲೇ ಸುತ್ತುವುದರಿಂದ ಈ ತೊಂದರೆ ತುಂಬಾ ಕಡಿಮೆ. ಏನೇ ಇರಲಿ, ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಇರಲಿ. ಕರೆಂಟು ಹೋದಾಗ ರೂಟರ್ ನಡೆಸುವಷ್ಟು ಬ್ಯಾಟರಿಯೂ ಇರಲಿ.

ಹಂತ 5: ಊರನ್ನು ಮೂರು ಸಲ ನೋಡಿ

ಮೊದಲ ಸಲ ಹೋದಾಗ ಎಲ್ಲ ಇಷ್ಟ ಆಗುತ್ತದೆ, ಅದನ್ನು ಲೆಕ್ಕಕ್ಕಿಡಬೇಡಿ. ಎರಡನೇ ಸಲ ಆ ಊರಿನ ಕಷ್ಟದ ಕಾಲದಲ್ಲಿ ಹೋಗಿ. ಮಳೆಯೋ, ಚಳಿಯೋ, ಬಿಸಿಲೋ, ಅಲ್ಲಿ ಯಾವುದು ಜಾಸ್ತಿ ಕಾಡುತ್ತದೋ ಆ ತಿಂಗಳು. ಮೂರನೇ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ, ವಾರದ ದಿನಗಳಲ್ಲಿ, ಕಡಿಮೆ ಅಂದರೆ 5 ದಿನ ಇದ್ದು ನಿಮ್ಮ ಮಂಗಳವಾರದ ಹಾಳೆಯ ಪ್ರಕಾರ ಬದುಕಿ ನೋಡಿ. ಹೋಟೆಲ್ ಬೇಡ, ಅಡುಗೆಮನೆ ಇರುವ ಜಾಗ ಬಾಡಿಗೆಗೆ ಹಿಡಿಯಿರಿ. ಸಾಮಾನು ತರುವುದು, ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳನ್ನು ಆಡಿಸುವುದು, ಎಲ್ಲ ಅಲ್ಲೇ.

ಅಲ್ಲಿ ಹುಟ್ಟಿ ಬೆಳೆದವರನ್ನೂ, ನಿಮ್ಮ ಹಾಗೆ ಹೊರಗಿಂದ ಬಂದು ಎರಡು ಮೂರು ವರ್ಷ ಆದವರನ್ನೂ ಮಾತಾಡಿಸಿ. ಹೊರಗಿಂದ ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಬರುವ ಮೊದಲು ಯಾರಾದರೂ ನಿಮಗೆ ಏನು ಹೇಳಬೇಕಿತ್ತು? ನಮಗೆ ಸಿಕ್ಕ ಉತ್ತಮ ಮಾಹಿತಿಯೆಲ್ಲ ಈ ಪ್ರಶ್ನೆಯಿಂದಲೇ ಸಿಕ್ಕಿದ್ದು.

ಹಂತ 6: ಆಸ್ಪತ್ರೆ

ಇಲ್ಲಿ ರಾಜಿ ಬೇಡ. ಮನೆ ಗೊತ್ತು ಮಾಡುವ ಮೊದಲು, ರಾತ್ರಿ ಹೊತ್ತು, ಆ ಮನೆಯಿಂದ ಮಕ್ಕಳನ್ನು ನೋಡುವ ಆಸ್ಪತ್ರೆಗೆ ಗಾಡಿ ಓಡಿಸಿ ಸಮಯ ನೋಡಿಕೊಳ್ಳಿ. ಮೊಬೈಲಿನ ನಕ್ಷೆ ತೋರಿಸುವ ನಿಮಿಷ ಬೇರೆ, ದೀಪವಿಲ್ಲದ ರಸ್ತೆಯ ನಿಮಿಷ ಬೇರೆ. ರಾತ್ರಿ ಅಲ್ಲಿ ಡಾಕ್ಟರ್ ಇರುತ್ತಾರಾ, ಬರೀ ನರ್ಸ್ ಇರುತ್ತಾರಾ? ಆಂಬುಲೆನ್ಸ್ ಎಲ್ಲಿಂದ ಬರಬೇಕು? ಹಾವು ಇರುವ ಪ್ರದೇಶವಾದರೆ ಹಾವಿನ ವಿಷಕ್ಕೆ ಕೊಡುವ ಔಷಧ ಯಾವ ಆಸ್ಪತ್ರೆಯಲ್ಲಿದೆ? ಉತ್ತರಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಚೀಟಿಯಲ್ಲಿ ಬರೆದಿಡಿ.

ಆಸ್ಪತ್ರೆ ದೂರವಾದಷ್ಟೂ ನಿಮಗೇ ಗೊತ್ತಿರಬೇಕಾದ್ದು ಜಾಸ್ತಿ. ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು, ಉಸಿರು ನಿಂತರೆ ಏನು ಮಾಡಬೇಕು ಅನ್ನುವ ಪ್ರಥಮ ಚಿಕಿತ್ಸೆ ತರಬೇತಿಯನ್ನು ನಗರ ಬಿಡುವ ಮೊದಲೇ ಇಬ್ಬರೂ ಮುಗಿಸಿಕೊಳ್ಳಿ. ಒಂದು ವರ್ಷದೊಳಗಿನ ಕೂಸಿಗೆ ಮಾಡುವ ಕ್ರಮವೇ ಬೇರೆ, ಅದನ್ನೂ ಕೇಳಿ ಕಲಿಯಿರಿ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ತಕ್ಷಣ ಡಾಕ್ಟರ್ ನೋಡಬೇಕು. ನಾಯಿ ಕಚ್ಚಿದರೆ ಆ ಜಾಗವನ್ನು ಸೋಪು, ನೀರು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೊರಡಬೇಕು.

ಲಸಿಕೆ ಕಾರ್ಡಿನ ಮೂಲ ಪ್ರತಿ ನಿಮ್ಮ ಕೈಚೀಲದಲ್ಲಿರಲಿ, ಫೋಟೊ ಇಬ್ಬರ ಫೋನಿನಲ್ಲೂ ಇರಲಿ. ಗಡಿಬಿಡಿಯಲ್ಲಿ ಒಂದು ಡೋಸ್ ತಪ್ಪಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಮೊದಲಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಹಂತ 7: ಶಾಲೆ, ಶಿಶುವಿಹಾರ

ಶಾಲೆಯ ಕಟ್ಟಡಕ್ಕಿಂತ ನಿಮ್ಮ ಮಗುವಿನ ತರಗತಿಗೆ ಪಾಠ ಮಾಡುವವರನ್ನು ನೋಡಿ. ಅರ್ಧ ಗಂಟೆ ತರಗತಿಯಲ್ಲಿ ಕೂರಬಹುದಾ ಅಂತ ಕೇಳಿ. ಸಣ್ಣ ಊರಲ್ಲಿ ಇರುವುದೇ ಒಂದೋ ಎರಡೋ ಶಾಲೆ, ಅಲ್ಲಿ ಹೊಂದದಿದ್ದರೆ ಬೇರೆ ದಾರಿ ಇರಲಿಕ್ಕಿಲ್ಲ. ಮಗುವಿಗೆ ಮಾತಿನ ಥೆರಪಿಯೋ, ವಿಶೇಷ ಕಲಿಕೆಯ ಸಹಾಯವೋ ನಡೆಯುತ್ತಿದ್ದರೆ ಊರಿನ ಆಯ್ಕೆ ಅದರಿಂದಲೇ ಶುರುವಾಗಬೇಕು. ಸಾಧ್ಯವಾದರೆ ಹೊಸ ತರಗತಿ ಶುರುವಾಗುವ ಹೊತ್ತಿಗೆ ಹೋಗಿ, ಆಗ ಎಲ್ಲ ಮಕ್ಕಳೂ ಸ್ವಲ್ಪ ಹೊಸಬರೇ ಆಗಿರುತ್ತಾರೆ.

ಹಂತ 8: ಈಗ ಮನೆ, ಅದರಲ್ಲೂ ನೀರು

ಮೊದಲ ವರ್ಷ ಬಾಡಿಗೆ ಮನೆಯೇ ಇರಲಿ. ಎಷ್ಟೇ ಇಷ್ಟವಾದರೂ ಕೊಳ್ಳಬೇಡಿ. ಎಲ್ಲ ಕಾಲವನ್ನೂ ಒಂದು ಸುತ್ತು ನೋಡದೆ ಒಂದು ಮನೆ ಎಂಥದ್ದು ಅಂತ ತಿಳಿಯುವುದಿಲ್ಲ.

ನಗರದಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರನ್ನು ಯಾರೋ ಪರೀಕ್ಷೆ ಮಾಡಿರುತ್ತಾರೆ. ಬಾವಿ, ಬೋರ್‌ವೆಲ್ ಇರುವ ಮನೆಯಲ್ಲಿ ಆ ಕೆಲಸ ನಿಮ್ಮದು. ನಮಗೆ ಮನೆ ತೋರಿಸಿದವರು, ನೀರು ಕಲ್ಲುಸಕ್ಕರೆ ಹಾಗಿದೆ, ನಾವು ಇಷ್ಟು ವರ್ಷ ಇದನ್ನೇ ಕುಡಿದಿದ್ದೇವೆ ಅಂದರು. ನಿಜಕ್ಕೂ ರುಚಿಯಾಗಿತ್ತು. ಆದರೂ ಒಂದು ಬಾಟಲಿ ಲ್ಯಾಬಿಗೆ ಕಳಿಸಿದೆವು. ನೈಟ್ರೇಟ್ ಮಿತಿಗಿಂತ ಜಾಸ್ತಿ ಬಂತು. ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೊಲಕ್ಕೆ ಹಾಕಿದ ಗೊಬ್ಬರದಿಂದ, ಹತ್ತಿರದ ಶೌಚದ ಗುಂಡಿಯಿಂದ, ಕೊಟ್ಟಿಗೆಯಿಂದ ಇಳಿದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿ.ಗ್ರಾಂ. ದೊಡ್ಡವರು ತಡೆದುಕೊಳ್ಳಬಹುದು, ಆದರೆ ಈ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು, ಮೈ ನೀಲಿಯಾಗುತ್ತದೆ. ಕುದಿಸಿದರೆ ಸರಿಹೋಗುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಕುದಿಸಿದರೆ ಹಬೆಯಾಗಿ ನೀರು ಹೋಗುತ್ತದೆ, ನೈಟ್ರೇಟ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ.

ಹಾಗಾಗಿ ಪರೀಕ್ಷೆಗೆ ಕೊಡುವಾಗ ಇಷ್ಟನ್ನು ಹೆಸರಿಟ್ಟು ಕೇಳಿ: ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ), ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ. 100 ಮಿ.ಲೀ. ನೀರಲ್ಲಿ ಒಂದು ಇ. ಕೋಲಿಯೂ ಇರಬಾರದು. ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿ.ಗ್ರಾಂ., ಆರ್ಸೆನಿಕ್‌ದು 0.01 ಮಿ.ಗ್ರಾಂ. ರೋಗಾಣುಗಳಿಗೆ ಮಾತ್ರ ಕುದಿಸುವುದೇ ಮದ್ದು, ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಸಾಕು, 2,000 ಮೀಟರ್‌ಗಿಂತ ಎತ್ತರದ ಊರಲ್ಲಿ 3 ನಿಮಿಷ. ಲ್ಯಾಬು ಕೊಟ್ಟ ಬಾಟಲಿಯಲ್ಲೇ ನೀರು ಹಿಡಿಯಿರಿ, ಒಳಗೆ ಬೆರಳು ತಾಗಿಸಬೇಡಿ, ಎಷ್ಟು ಗಂಟೆಯೊಳಗೆ ತಲುಪಿಸಬೇಕು ಅಂತ ಅವರನ್ನೇ ಕೇಳಿಕೊಳ್ಳಿ.

ನೀರಿನ ಇನ್ನೊಂದು ಭಯ ಅಂಗಳದಲ್ಲಿರುತ್ತದೆ. ಪುಟ್ಟ ಮಗು ಮುಳುಗೋಕೆ ಕೆಲವೇ ಸೆಂಟಿಮೀಟರ್ ನೀರು ಸಾಕು, ಮುಳುಗುವಾಗ ಸದ್ದೂ ಆಗುವುದಿಲ್ಲ. ಬಾವಿ, ತೊಟ್ಟಿ, ಹೊಂಡ, ಕಾಲುವೆ ಏನಿದ್ದರೂ ನಾಲ್ಕೂ ಕಡೆ ಬೇಲಿ, ತಾನಾಗೇ ಮುಚ್ಚಿಕೊಳ್ಳುವ ಗೇಟು ಆಗಬೇಕು. ಅದೂ ಸಾಮಾನು ಇಳಿಯುವ ಮೊದಲು. ಇಳಿಸುವ ದಿನ ಎಲ್ಲರ ಕಣ್ಣೂ ಡಬ್ಬಗಳ ಮೇಲಿರುತ್ತದೆ.

ಹಳೇ ಮನೆಯಾದರೆ ಕಿತ್ತು ಬರುವ ಬಣ್ಣದಲ್ಲಿ ಸೀಸ ಇರಬಹುದು. ತೆವಳುವ ಮಗು ಆ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅದನ್ನು ಒಣಗಿದ ಹಾಗೇ ಉಜ್ಜಿ ತೆಗೆಯಬೇಡಿ, ಧೂಳು ಎದ್ದರೆ ಇನ್ನೂ ಕೆಟ್ಟದ್ದು. ಶೌಚದ ಗುಂಡಿ ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು, ಮುಚ್ಚಳ ಗಟ್ಟಿಯಿದೆಯಾ ಅಂತಲೂ ನೋಡಿ.

ಹಂತ 9: ಮಕ್ಕಳಿಗೆ ಹೇಳುವುದು

ತೀರಾ ಮೊದಲೇ ಹೇಳಬೇಡಿ, ಕೊನೇ ದಿನಕ್ಕೂ ಬಿಡಬೇಡಿ. 3ರಿಂದ 5 ವರ್ಷದವರಿಗೆ ಎರಡು ಮೂರು ವಾರ ಮುಂಚೆ ಸಾಕು, ಶಾಲೆಗೆ ಹೋಗುವವರಿಗೆ ಒಂದೆರಡು ತಿಂಗಳಾದರೂ ಬೇಕು. ಅಲ್ಲಿ ಎಲ್ಲ ತುಂಬಾ ಚೆನ್ನಾಗಿದೆ ಅಂತ ಹೊಗಳುವ ಬದಲು ಯಾವುದೆಲ್ಲ ಹಾಗೇ ಇರುತ್ತದೆ ಅಂತ ಹೇಳಿ. ನಿನ್ನ ಹಾಸಿಗೆ ಬರುತ್ತದೆ, ನಿನ್ನ ನೀಲಿ ಲೋಟ ಬರುತ್ತದೆ, ರಾತ್ರಿ ಕಥೆ ಹೇಳೋದು ಅಪ್ಪನೇ. ನಮ್ಮ ಮಗಳು ಎಲ್ಲ ಕೇಳಿಸಿಕೊಂಡು, ನನ್ನ ಕಿಟಕಿನೂ ಲಾರಿಯಲ್ಲಿ ಬರುತ್ತಾ ಅಂದಳು. ಅವಳು ದಿನಾ ಆ ಕಿಟಕಿಯ ಚಿಲಕಕ್ಕೆ ಒಂದು ದಾರ ಕಟ್ಟಿ ಬಿಚ್ಚಿ ಆಡುತ್ತಿದ್ದಳು. ಕಿಟಕಿ ಬರಲ್ಲ ಪುಟ್ಟಿ ಅಂತ ಹೇಳಿದೆ, ಅತ್ತಳು, ಅಳೋಕೆ ಬಿಟ್ಟೆ. ದಾರವನ್ನು ತಂದೆವು. ಈಗ ಇಲ್ಲಿನ ಚಿಲಕಕ್ಕೆ ಕಟ್ಟಿಕೊಂಡಿದ್ದಾಳೆ. ಮಕ್ಕಳು ಯಾವುದನ್ನು ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಹೊರಡುವ ಮೊದಲ, ಆಮೇಲಿನ ಕೆಲವು ವಾರ ಬೇರೆ ಯಾವ ದೊಡ್ಡ ಬದಲಾವಣೆಯೂ ಬೇಡ. ಎದೆಹಾಲು ಬಿಡಿಸುವುದು, ಡೈಪರ್ ಬಿಡಿಸುವುದು, ಬೇರೆ ಕೋಣೆಯಲ್ಲಿ ಮಲಗಿಸುವುದು ಎಲ್ಲ ಮುಂದಕ್ಕೆ ಹಾಕಿ.

ಹಂತ 10: ಸಾಗಿಸುವ ದಿನ

ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಮೂರೇ ಮಾತು ಹೇಳುತ್ತೇನೆ. ಮಕ್ಕಳ ಡಬ್ಬ ಕೊನೆಗೆ ಲಾರಿ ಹತ್ತಬೇಕು, ಮೊದಲು ಇಳಿಯಬೇಕು. ಹೊಸ ಮನೆಯಲ್ಲಿ ಮೊದಲು ಸಿದ್ಧವಾಗಬೇಕಾದ್ದು ಮಕ್ಕಳ ಹಾಸಿಗೆ, ಹಳೇ ಬೆಡ್‌ಶೀಟನ್ನೇ ಒಗೆಯದೆ ಹಾಸಿ, ಆ ವಾಸನೆ ಇರಲಿ. ದೂರದ ದಾರಿಯಾದರೆ ಮಗು ಅದರ ಸೀಟಲ್ಲೇ ಬೆಲ್ಟು ಹಾಕಿ ಕೂತಿರಲಿ, 2 ಗಂಟೆಗೊಮ್ಮೆ ನಿಲ್ಲಿಸಿ ಇಳಿಸಿ ಆಡಿಸಿ.

ಹಂತ 11: ಮೊದಲ ಮೂರು ತಿಂಗಳು

ಮೊದಲ ಎರಡು ವಾರ ರಜೆಯ ಹಾಗಿರುತ್ತದೆ. ಆಮೇಲೆ ಒಂದು ಮಧ್ಯಾಹ್ನ, ಮಗು ಮಲಗಿದೆ, ಫೋನ್ ಮಾಡೋಣ ಅಂದರೆ ಗೆಳತಿಯರೆಲ್ಲ ಆಫೀಸಿನಲ್ಲಿ, ಹೊರಗೆ ಒಂದು ನರಪಿಳ್ಳೆಯಿಲ್ಲ. ಮನೆಯಲ್ಲಿ ಮಕ್ಕಳ ಜೊತೆ ಇರುವವರಿಗೆ ಈ ಹೊತ್ತು ತುಂಬಾ ಭಾರ. ಇದು ಬರುತ್ತದೆ ಅಂತ ಇಬ್ಬರೂ ಮೊದಲೇ ತಿಳಿದಿರಿ, ಬಂದಾಗ ಬಾಯಿಬಿಟ್ಟು ಹೇಳಿ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಜನ ಸಿಗುವ ಯಾವುದಾದರೂ ಜಾಗಕ್ಕೆ ಹೋಗಲು ಶುರು ಮಾಡಿ. ಗ್ರಂಥಾಲಯ, ಹಾಡಿನ ತರಗತಿ, ಆಟದ ಮೈದಾನ, ಏನಾದರೂ ಸರಿ. ಹೊಸ ಹೊಸ ಜನರನ್ನು ಹುಡುಕುವುದಕ್ಕಿಂತ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವುದರಿಂದ ಸ್ನೇಹ ಬೆಳೆಯುತ್ತದೆ. ಕೆಲಸ ಹೇಳುವ ಮೊದಲು ಹೆಸರು ಕೇಳಿ, ನಮ್ಮ ನಗರದಲ್ಲಿ ಹೀಗಿರಲಿಲ್ಲ ಅನ್ನುವ ಮಾತನ್ನು ಒಂದು ವರ್ಷ ಬಾಯಿಗೇ ತರಬೇಡಿ. ಪಕ್ಕದವರು ಏನಾದರೂ ಸಣ್ಣ ಸಹಾಯಕ್ಕೆ ಬಂದರೆ ಬೇಡ ಅನ್ನಬೇಡಿ, ಮರುದಿನ ನೀವೂ ಒಂದು ಮಾಡಿ.

ಮಕ್ಕಳು ಸ್ವಲ್ಪ ಹಿಂದಕ್ಕೆ ಹೋಗಬಹುದು. ನಿಲ್ಲಿಸಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ರಾತ್ರಿ ಏಳುವುದು, ಸೊಂಟ ಬಿಟ್ಟು ಇಳಿಯದಿರುವುದು. ಬೈಯಬೇಡಿ. ಊಟ, ಸ್ನಾನ, ಕಥೆ, ನಿದ್ದೆಯ ಹೊತ್ತು ಹಳೇ ಮನೆಯಲ್ಲಿ ಇದ್ದ ಹಾಗೇ ನಡೆಯಲಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ, ಮಗು ಆಡುವುದನ್ನೇ ನಿಲ್ಲಿಸಿದರೆ ಡಾಕ್ಟರ್ ಹತ್ತಿರ ಹೋಗಿ.

ಹಂತ 12: ವಾಪಸ್ ಬರುವ ದಾರಿ ಮುಚ್ಚಬೇಡಿ

ನಗರದಲ್ಲಿ ಸ್ವಂತ ಮನೆ ಇದ್ದರೆ ಮೊದಲ ವರ್ಷ ಮಾರಬೇಡಿ, ಬಾಡಿಗೆಗೆ ಕೊಡಿ. ಹಳೇ ಆಫೀಸಿನವರ ಜೊತೆ ಸಂಪರ್ಕ ಇರಲಿ. 6ನೇ ತಿಂಗಳಿಗೊಂದು, 12ನೇ ತಿಂಗಳಿಗೊಂದು ತಾರೀಖು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ತಾರೀಖು ಬರುವ ತನಕ, ವಾಪಸ್ ಹೋಗೋಣವಾ ಅನ್ನುವ ಮಾತನ್ನು ಬೇಸರದ ರಾತ್ರಿಗಳಲ್ಲಿ ಎತ್ತುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಳ್ಳಿ.

ಆ ದಿನ ಬಂದಾಗ ಮಂಗಳವಾರದ ಹಾಳೆ ಹೊರಗೆ ತೆಗೆದು ಪಕ್ಕದಲ್ಲಿ ಈಗಿನ ಮಂಗಳವಾರ ಬರೆಯಿರಿ. ಖಾಲಿ ಬಿಟ್ಟಿದ್ದ ಜಾಗಗಳಲ್ಲಿ ಎಷ್ಟು ತುಂಬಿವೆ ಅಂತ ಎಣಿಸಿ. ನಮ್ಮಲ್ಲಿ 7 ಖಾಲಿ ಇದ್ದವು, 6ನೇ ತಿಂಗಳಿಗೆ 2 ತುಂಬಿದ್ದವು, 12ನೇ ತಿಂಗಳಿಗೆ 5. ಇನ್ನೆರಡರಲ್ಲಿ ಒಂದು, ಮಗುವಿಗೆ ಜ್ವರ ಬಂದ ದಿನ ಬಂದು ಕೂರುವವರು. ಅದಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ, ಸದ್ಯಕ್ಕೆ ಆ ದಿನ ಇಬ್ಬರಲ್ಲಿ ಒಬ್ಬರು ರಜೆ ಹಾಕುತ್ತೇವೆ.